ವಳಿವಡೆಗೆ ಬಂದ ಪೋಲಿಷ್ ಸವಾರ

ಕುಣಿಗಲ್ ಕುದುರೆ ಫಾರಂ ಎಂದೊಡನೆ ನಮಗೆ ಟಿಪ್ಪು ಸುಲ್ತಾನರ ಅಶ್ವದಳ ನೆನಪಾಗುತ್ತದೆ. ದೂರದೇಶದ ಇನ್ನೊಬ್ಬ ಕುದುರೆ ಸವಾರನ ಬದುಕೂ ನಮ್ಮ ನಾಡಿನ ಅಂಚನ್ನು ತಾಗಿ ಹೋಗಿದೆ. ತುಮಕೂರಿನಿಂದ ಗುಬ್ಬಿ, ಅರಸೀಕೆರೆ, ಹುಬ್ಬಳ್ಳಿ, ಬೆಳಗಾವಿ ದಾಟುವ ರೈಲು ಹಾದಿ ಮೀರಜಿನಲ್ಲಿ ಕೊಲ್ಲಾಪುರದತ್ತ ಕವಲೊಡೆಯುತ್ತದೆ. ಆ ಕವಲಿನಲ್ಲಿ ವಳಿವಡೆ ಎಂಬ ಹಳ್ಳಿಯಿದೆ. ಎರಡನೆಯ ಮಹಾಯುದ್ಧದಲ್ಲಿ ನೆಲೆ ಕಳೆದುಕೊಂಡ ಸುಮಾರು 5,000 ಪೋಲಿಷ್ ಜನರು, ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು, 1943ರಿಂದ 1948ರವರೆಗೆ ಅಲ್ಲಿ ಬದುಕಿದರು. ಅಲ್ಲಿ ಶಾಲೆಗಳಿದ್ದವು, ಚರ್ಚ್ ಇತ್ತು. ಆ ಮಕ್ಕಳಿಗೆ ಸ್ಕೌಟ್ ಶಿಕ್ಷಣ ನೀಡಿದವರಲ್ಲಿ ಜ್ಜಿಸ್ವಾಫ್ ಪೆಶ್ಕೋವ್ಸ್ಕಿ ಒಬ್ಬರು.

1918ರಲ್ಲಿ ಹುಟ್ಟಿದ ಅವರು ಪೋಲೆಂಡಿನ ಅಶ್ವದಳದಲ್ಲಿದ್ದರು. 1939ರ ಸೆಪ್ಟೆಂಬರಿನಲ್ಲಿ ಪಶ್ಚಿಮದಿಂದ ಹಿಟ್ಲರನ ಸೈನ್ಯ, ಪೂರ್ವದಿಂದ ಸ್ಟಾಲಿನನ ಸೈನ್ಯ ಆ ದೇಶವನ್ನು ನುಂಗಿದವು. ಪೆಶ್ಕೋವ್ಸ್ಕಿ ಸೋವಿಯತ್ ಸೆರೆಯಾಳಾಗಿ ಕೊಜೆಲ್ಸ್ಕ್ ಶಿಬಿರ ಸೇರಿದರು. 1940ರಲ್ಲಿ ಸುಮಾರು 22,000 ಪೋಲಿಷ್ ಬಂದಿಗಳನ್ನು ಗುಟ್ಟಾಗಿ ಗುಂಡಿಕ್ಕಿ ಕೊಲ್ಲಲಾಯಿತು. ಕೊಜೆಲ್ಸ್ಕ್‌ನವರಿಗೆ ಕತೀನ್ ಕಾಡೇ ಗೋರಿಯಾಯಿತು. ಸೇನಾ ಬಂದಿಗಳ ಮೂರು ದೊಡ್ಡ ಶಿಬಿರಗಳಿಂದ ಬದುಕುಳಿದವರು 395 ಮಂದಿ. ಅವರಲ್ಲಿ ಪೆಶ್ಕೋವ್ಸ್ಕಿಯೂ ಇದ್ದರು.

1941ರಲ್ಲಿ ಹಿಟ್ಲರನು ರಷ್ಯಾದ ಮೇಲೆಯೇ ಬಿದ್ದಾಗ ಬಂದಿಗಳಿಗೆ ಬಿಡುಗಡೆ ಸಿಕ್ಕಿತು. ಮರುವರ್ಷ ಜನರಲ್ ಆಂಡರ್ಸ್ ಅವರ ಸೇನೆಯೊಂದಿಗೆ ಒಂದು ಲಕ್ಷಕ್ಕೂ ಹೆಚ್ಚು ಪೋಲಿಷರು ಇರಾನ್ ತಲುಪಿದರು. ಹಸಿದು, ರೋಗದಿಂದ ನರಳಿ ಬಂದ ಮಕ್ಕಳಿಗೆ ಇಸ್ಫಹಾನ್ ನಗರ ಆಸರೆಯಾಯಿತು. ಅಲ್ಲಿಂದ ಒಂದು ಪಾಲು ಜನ ಭಾರತಕ್ಕೆ ಬಂದರು. ಜಾಮ್‌ನಗರದ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿ ಬಾಲಾಚಡಿಯಲ್ಲಿ ಅನಾಥ ಮಕ್ಕಳಿಗೆ ನೆಲೆ ಕೊಟ್ಟರು. ಕೊಲ್ಲಾಪುರ ಸಂಸ್ಥಾನದ ನೆಲದಲ್ಲಿ ವಳಿವಡೆಯ ಶಿಬಿರ ಎದ್ದಿತು. ಗೆಳೆಯರನ್ನೆಲ್ಲ ಕಳೆದುಕೊಂಡ ಸೈನಿಕ, ತಂದೆಯನ್ನು ಕಳೆದುಕೊಂಡ ಮಕ್ಕಳಿಗೆ ಇಲ್ಲಿ ಗುರುವಾದರು.

ಯುದ್ಧ ಮುಗಿದರೂ ಅವರಿಗೆ ತಾಯ್ನಾಡು ದಕ್ಕಲಿಲ್ಲ. ಅದು ಸೋವಿಯತ್ ಹಿಡಿತದಲ್ಲಿತ್ತು. ಅಮೆರಿಕಕ್ಕೆ ಹೋಗಿ 1954ರಲ್ಲಿ ಪಾದ್ರಿಯಾದರು. ಕತೀನ್ ಕೊಲೆಗಳನ್ನು ಹಿಟ್ಲರನ ತಲೆಗೆ ಕಟ್ಟಿದ್ದ ಮಾಸ್ಕೋ 1990ರಲ್ಲಿ ಸತ್ಯ ಒಪ್ಪಿಕೊಂಡಿತು. ಆ ಬಳಿಕ ಗೆಳೆಯರ ಗೋರಿಗಳ ಬಳಿ ನಿಂತು ಪ್ರಾರ್ಥಿಸುವ ಭಾಗ್ಯ ಅವರಿಗೆ ಸಿಕ್ಕಿತು. 2007ರಲ್ಲಿ ವಾರ್ಸಾದಲ್ಲಿ ತೀರಿಕೊಂಡರು.

ಮಕ್ಕಾ ಬಿಟ್ಟು ಬಂದವರಿಗೆ ಮದೀನಾದ ಅನ್ಸಾರರು ಮನೆಯ ಬಾಗಿಲು ತೆರೆದದ್ದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಇರಾನಿನ ಮುಸ್ಲಿಮರು, ಕೊಲ್ಲಾಪುರದ ಜನರು ಕ್ರೈಸ್ತ ನಿರಾಶ್ರಿತರ ನೆರೆಹೊರೆಯಾದದ್ದೂ ಅದೇ ದಾರಿಯ ನಡಿಗೆ. ನಿರಾಶ್ರಿತನನ್ನು ಕಂಡೊಡನೆ ಅವನ ಧರ್ಮ ಯಾವುದೆಂದು ಕೇಳುವ ಈ ದಿನಗಳಲ್ಲಿ, ನಮ್ಮ ಊರಿನ ರೈಲು ಹಾದಿಯಲ್ಲೇ ಇರುವ ಈ ಪಾಠವನ್ನು ನಾವು ಮರೆಯಬಾರದು.