ಪರ್ಪೆಟುವಾಳ ಸೆರೆಮನೆಯ ಬರಹ

ಕ್ರಿ.ಶ. 203ರಲ್ಲಿ ಉತ್ತರ ಆಫ್ರಿಕದ ಕಾರ್ಥೇಜ್ ನಗರದ ಸೆರೆಮನೆಯಲ್ಲಿ ಕುಳಿತು, ಇಪ್ಪತ್ತೆರಡರ ಆಸುಪಾಸಿನ ವಿಬಿಯಾ ಪರ್ಪೆಟುವಾ ತನ್ನ ಕೊನೆಯ ದಿನಗಳನ್ನು ಬರೆದಿಟ್ಟಳು. ಕುಲೀನ ಮನೆತನದ ಹೆಣ್ಣು. ಮಡಿಲಲ್ಲಿ ಮೊಲೆಹಾಲು ಕುಡಿಯುವ ಕೂಸು. ಚಕ್ರವರ್ತಿಯ ಕ್ಷೇಮಕ್ಕಾಗಿ ಬಲಿ ಅರ್ಪಿಸಿದ್ದರೆ ಬದುಕುತ್ತಿದ್ದಳು. ಕ್ರೈಸ್ತಳಾದ ಆಕೆ ಒಪ್ಪಲಿಲ್ಲ.

ದೇವರನ್ನು ಎಲ್ಲರಿಗಿಂತ ಹೆಚ್ಚು ಪ್ರೀತಿಸುವವರಿಗೆ ಉಳಿದ ಪ್ರೀತಿಗಳು ಹಗುರವೆಂದು ನಾವು ಎಣಿಸುತ್ತೇವೆ. ಈ ಬರಹವನ್ನು ಓದಿದ ನನಗೆ ಹಾಗನ್ನಿಸಲಿಲ್ಲ. ಕೂಸು ಬಳಿಗೆ ಬಂದಾಗ ಸೆರೆವಾಸವೇ ಹಿತವಾದುದನ್ನು ಆಕೆ ಮುಚ್ಚಿಡುವುದಿಲ್ಲ. ಆಕೆಯ ನಂಬಿಕೆಯನ್ನು ಒಪ್ಪದ ಮುದಿ ತಂದೆ ಮಗಳ ಕೈಗೆ ಮುತ್ತಿಟ್ಟು, ಕಾಲಿಗೆ ಬಿದ್ದು ಅಂಗಲಾಚುತ್ತಾನೆ. ವಿಚಾರಣೆಯಲ್ಲಿ ಅಧಿಕಾರಿ ಹಿಲೇರಿಯಾನಸ್ ಅವನನ್ನು ಹೊಡೆಸಿದಾಗ ಆ ಏಟು ಮಗಳಿಗೂ ತಾಗುತ್ತದೆ. ಕೊನೆಗೆ ತಂದೆ ಕೂಸನ್ನು ಕಳಿಸಲು ಒಪ್ಪುವುದಿಲ್ಲ. ಆದರೂ ಆಕೆ ಕದಲುವುದಿಲ್ಲ.

ಮಾರ್ಚ್ 7ರಂದು ಆಕೆಯನ್ನು ಸಂಗಡಿಗರೊಂದಿಗೆ ಅಖಾಡದಲ್ಲಿ ಕೊಲ್ಲಲಾಯಿತು. ಅವರಲ್ಲಿ ಸೆರೆಮನೆಯಲ್ಲೇ ಹೆರಿಗೆಯಾಗಿದ್ದ ದಾಸಿ ಫೆಲಿಸಿಟಾಸ್ ಕೂಡ ಇದ್ದಳು.

ಎರಡು ಶತಮಾನಗಳ ನಂತರ ಅದೇ ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್ ಇವರ ಹಬ್ಬದಂದು ಪ್ರವಚನ ನೀಡಿದ. ಪ್ರೀತಿಗಳಿಗೂ ಒಂದು ಸರಿಯಾದ ಕ್ರಮವಿದೆಯೆಂಬುದು ಅವನ ವಿಚಾರ. ಆ ಕ್ರಮಕ್ಕೆ ತೆತ್ತ ಬೆಲೆಯೆಷ್ಟೆಂದು ತಿಳಿಯಲು ಮಾತ್ರ ನಾವು ಪರ್ಪೆಟುವಾಳನ್ನೇ ಓದಬೇಕು.