ಚಿತ್ರ ಹೇಳುವ ಸಾಕ್ಷ್ಯ

1969ರಲ್ಲಿ ಸ್ವಿಟ್ಜರ್‌ಲೆಂಡಿನ ಹೋಯರ್ ಕಂಪನಿಯು ಅದೇ ದೇಶದ ಕಾರು ಓಟಗಾರ ಜೋ ಸಿಫರ್ಟ್‌ಗೆ ಪ್ರಾಯೋಜಕತ್ವ ನೀಡಿತು. ಆತ ಧರಿಸುತ್ತಿದ್ದುದು ಬಿಳಿ ಮುಖದ 'ಆಟಾವಿಯಾ' ಕೈಗಡಿಯಾರ. ಹಳೆಯ ಚಿತ್ರಗಳಲ್ಲಿ ಇಂತಹ ಗಡಿಯಾರವನ್ನು ಗುರುತಿಸುವುದು ಹೇಗೆ? ಹೆಸರು ಓದಲಾಗದಿದ್ದರೂ ಕೀಲಿ ಕೊಡುವ ಗುಂಡಿ ಯಾವ ಬದಿಗಿದೆ ಎಂಬುದು ಕಾಣುತ್ತದೆ. ಆಟಾವಿಯಾದಲ್ಲಿ ಅದು ಎಡಕ್ಕಿದ್ದರೆ, 1969ರಲ್ಲಿ ಬಂದ ಸ್ವಯಂಚಾಲಿತ ಯಂತ್ರದ ಗುರುತು. ಚಿತ್ರ ಅದಕ್ಕೂ ಹಿಂದಿನದಾಗಿರಲಾರದು. ಆದರೆ ಚಿತ್ರವೇ ತಿರುಗುಮುರುಗಾಗಿ ಅಚ್ಚಾಗಿರಬಹುದು. ಆದ್ದರಿಂದ ಮೊದಲು ಕಾರಿನ ಮೇಲಿನ ಅಂಕೆಯನ್ನು ಓದಬೇಕು.

ಸಿಫರ್ಟ್ 1971ರ ಅಕ್ಟೋಬರ್ 24ರಂದು ಇಂಗ್ಲೆಂಡಿನ ಬ್ರಾಂಡ್ಸ್ ಹ್ಯಾಚ್ ಓಟದಲ್ಲಿ ಮಡಿದ. ಸಂಗ್ರಾಹಕರು ಇಂದು ಆ ಮಾದರಿಯನ್ನು ಆತನ ಹೆಸರಿನಿಂದಲೇ ಕರೆಯುತ್ತಾರೆ. ಹೆಸರು ಸೇರಿದರೆ ಬೆಲೆಯೂ ಏರುತ್ತದೆ. ಇಲ್ಲಿಯೇ ಎಚ್ಚರ ಬೇಕು. ಚಿತ್ರ ಮಾದರಿಗೆ ಮಾತ್ರ ಸಾಕ್ಷಿ. ಮಾರಾಟಕ್ಕಿಟ್ಟ ಗಡಿಯಾರ ಸತ್ತವನ ಕೈಯದೇ ಎನ್ನಲು ಬೇರೆ ಪುರಾವೆ ಬೇಕು.