ಒಂದೇ ಪಾತ್ರೆ, ಎರಡು ಹೆಸರು: ಬೆಲ್ಜಿಯಂ ದೇಶದ ಬಿಯರು ಮತ್ತು ಊಟ



ಇಂದಿನ ಮಾತು ಬೆಲ್ಜಿಯಂ ದೇಶದ ಬಿಯರು ಮತ್ತು ಅದರ ಜೊತೆಗಿನ ಊಟದ ಇತಿಹಾಸವನ್ನು ಕುರಿತದ್ದು. ಕುಡಿತದ ಸುದ್ದಿ ನಮ್ಮ ಕಾರ್ಯಕ್ರಮಕ್ಕೆ ಏಕೆ ಎಂದು ಹುಬ್ಬೇರಿಸಬೇಡಿ. ಕುಡಿಯಿರಿ ಎಂದು ಹೇಳಲು ನಾನು ಬಂದಿಲ್ಲ. ಕುಡಿತದಿಂದ ಹಾಳಾದ ಮನೆಗಳನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಆದರೆ ಎರಡು ಭಾಷೆಯ ಜನ ಒಂದೇ ನೆಲದಲ್ಲಿ ಬಾಳುವಾಗ ಅವರ ಅಡುಗೆಮನೆಯಲ್ಲಿ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂದು ತಿಳಿಯಲು ಆ ದೇಶ ಒಳ್ಳೆಯ ಉದಾಹರಣೆ. ಗಡಿಯಲ್ಲಿ ಬಾಳುವ ನಮಗೆ ಅದು ದೂರದ ಮಾತಲ್ಲ.

ಬೆಲ್ಜಿಯಂ ಚಿಕ್ಕ ದೇಶ. ನಮ್ಮ ಸೋಲಾಪುರ ಜಿಲ್ಲೆಯಂಥವು ಎರಡು ಸೇರಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಅದು ಸ್ವತಂತ್ರವಾದದ್ದು 1830ರಲ್ಲಿ. ಉತ್ತರದ ಫ್ಲಾಂಡರ್ಸ್ ಪ್ರಾಂತದವರು ಡಚ್ ಮಾತಾಡುತ್ತಾರೆ, ದಕ್ಷಿಣದ ವಲ್ಲೋನಿಯದವರು ಫ್ರೆಂಚ್. ಪೂರ್ವದ ಅಂಚಿನಲ್ಲಿ ಒಂದಿಷ್ಟು ಜರ್ಮನ್ ಮಾತಾಡುವವರಿದ್ದಾರೆ. ರಾಜಧಾನಿ ಬ್ರಸೆಲ್ಸ್ ಎರಡು ಭಾಷೆಯ ನಗರ. 1962-63ರಲ್ಲಿ ಅಲ್ಲಿ ಕಾನೂನು ಮಾಡಿ ಭಾಷೆಯ ಗಡಿಗೆರೆಯನ್ನು ಎಳೆದರು. ಎಳೆದ ಮೇಲೂ ತಕರಾರು ನಿಲ್ಲಲಿಲ್ಲ. ಆದರೆ ಒಲೆಯ ಮೇಲಿನ ಪಾತ್ರೆಗೆ ಆ ಗೆರೆ ಗೊತ್ತಿಲ್ಲ.

ಒಂದು ಅಡುಗೆಯನ್ನೇ ನೋಡಿ. ದನದ ಮಾಂಸವನ್ನು ಈರುಳ್ಳಿಯೊಡನೆ ಕಂದುಬಣ್ಣದ ಬಿಯರಿನಲ್ಲಿ ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆ ಬೇಯಿಸುತ್ತಾರೆ. ಸಾಸಿವೆ ಸವರಿದ ರೊಟ್ಟಿಯ ಹೋಳನ್ನು ಅದರ ಮೇಲೆ ಇಡುತ್ತಾರೆ. ರೊಟ್ಟಿ ಕರಗಿ ರಸ ಗಟ್ಟಿಯಾಗುತ್ತದೆ. ಡಚ್ಚಿನವರು ಇದಕ್ಕೆ ಸ್ಟೋಫ್‌ವ್ಲೇಸ್ ಎನ್ನುತ್ತಾರೆ, ಫ್ರೆಂಚಿನವರು ಕಾರ್ಬೊನಾದ್ ಎನ್ನುತ್ತಾರೆ. ಪಾತ್ರೆ ಒಂದೇ, ಹೆಸರು ಎರಡು. ಮಾಂಸ ಬೇಯಿಸಿದ ಬಿಯರನ್ನೇ ಊಟದ ಜೊತೆ ಲೋಟಕ್ಕೂ ಹಾಕಿಕೊಳ್ಳುವುದು ಅವರ ರೂಢಿ.

ಇದು ನಮಗೆ ಹೊಸ ವಿದ್ಯೆಯೇ? ಹಬ್ಬದ ದಿನ ಹೋಳಿಗೆ ಮಾಡುವ ತಾಯಂದಿರು ಬೇಳೆ ಬೇಯಿಸಿದ ಕಟ್ಟನ್ನು ಚೆಲ್ಲುವುದಿಲ್ಲ. ಅದಕ್ಕೆ ಮಸಾಲೆ, ಹುಣಸೆಹುಳಿ ಸೇರಿಸಿ ಕಟ್ಟಿನ ಸಾರು ಮಾಡುತ್ತಾರೆ. ನಮ್ಮ ಮರಾಠಿ ನೆರೆಯವರು ಅದನ್ನೇ ಕಟಾಚಿ ಆಮಟಿ ಎನ್ನುತ್ತಾರೆ. ಬೇಳೆ ಒಂದೇ. ಒಂದು ಪಾಲು ಸಿಹಿಯಾಗಿ, ಇನ್ನೊಂದು ಖಾರವಾಗಿ ಅದೇ ತಾಟಿಗೆ ಬರುತ್ತದೆ. ಸಿಹಿ ಮುಖ ಕಟ್ಟಿದಾಗ ಸಾರು ಬಾಯಿ ತೊಳೆಯುತ್ತದೆ. ಬೆಲ್ಜಿಯಂನವರ ಲೆಕ್ಕವೂ ಇಷ್ಟೇ. ಹುರಿದ ಬಾರ್ಲಿಯ ಕಂದು ರುಚಿ ಬಾಡಿಸಿದ ಈರುಳ್ಳಿಯ ರುಚಿಗೆ ಹೊಂದುತ್ತದೆ. ಬಿಯರಿನ ಹುಳಿ ಮಾಂಸದ ಜಿಡ್ಡನ್ನು ಕಡಿಯುತ್ತದೆ. ನೊರೆ ನಾಲಿಗೆಯನ್ನು ತೊಳೆದು ಮುಂದಿನ ತುತ್ತಿಗೆ ಅಣಿ ಮಾಡುತ್ತದೆ. ಹಾಪ್ಸ್ ಎಂಬ ಕಹಿ ಹೂವು ಹೆಚ್ಚಾಗಿರುವ ಬಿಯರನ್ನು ಮಾತ್ರ ಅವರು ಒಲೆಗೆ ಇಡುವುದಿಲ್ಲ. ರಸ ಬತ್ತಿದಷ್ಟೂ ಕಹಿ ಏರುತ್ತದೆ. ಔಡೆನಾರ್ಡ ಊರಿನ ಕಡೆಯ ಸಿಹಿಹುಳಿ ಕಂದು ಬಿಯರು ಅಡುಗೆಗೆ ಹೆಸರಾದದ್ದು ಇದೇ ಕಾರಣಕ್ಕೆ.

ಈ ಜೋಡಿಗಳನ್ನು ಕಟ್ಟಿದವರು ದೊಡ್ಡ ಹೋಟೆಲಿನ ಬಾಣಸಿಗರಲ್ಲ, ದುಡಿಯುವ ಜನ. ದಕ್ಷಿಣದ ಎನೋ ಸೀಮೆಯ ಒಕ್ಕಲುಮನೆಗಳಲ್ಲಿ ಚಳಿಗಾಲಕ್ಕೆ ಬಿಯರು ಮಾಡಿಟ್ಟು ಬೇಸಿಗೆಯ ಹೊಲದ ಕೆಲಸಕ್ಕೆ ಬಂದ ಆಳುಗಳಿಗೆ ಕೊಡುತ್ತಿದ್ದರು. ಅದಕ್ಕೇ ಅದರ ಹೆಸರು ಸೇಜಾನ್, ಅಂದರೆ ಹಂಗಾಮು. ಬ್ರಸೆಲ್ಸಿನ ಪಶ್ಚಿಮಕ್ಕಿರುವ ಹಳ್ಳಿಗಳ ಲಾಂಬಿಕ್ ಇನ್ನೂ ವಿಚಿತ್ರ. ಅದಕ್ಕೆ ಯಾರೂ ಹೆಪ್ಪು ಹಾಕುವುದಿಲ್ಲ. ಗೋಧಿ, ಬಾರ್ಲಿ ಕುದಿಸಿದ ರಸವನ್ನು ಚಳಿಯ ರಾತ್ರಿ ಅಗಲ ತೊಟ್ಟಿಯಲ್ಲಿ ತೆರೆದಿಡುತ್ತಾರೆ. ಗಾಳಿಯಲ್ಲಿರುವ ಸೂಕ್ಷ್ಮಜೀವಿಗಳೇ ಅದನ್ನು ಹುದುಗಿಸುತ್ತವೆ. ಬಳಿಕ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇಡುತ್ತಾರೆ. ಒಂದು, ಎರಡು, ಮೂರು ವರ್ಷದ್ದನ್ನು ಬೆರೆಸಿ ಬಾಟಲಿ ತುಂಬಿದರೆ ಅದು ಗೂಜ್. ಹುಳಿ ಚೆರ್ರಿ ಹಣ್ಣು ನೆನೆಸಿದರೆ ಕ್ರೀಕ್. ಗೂಜ್ ನಮ್ಮ ಹುಳಿಮಜ್ಜಿಗೆಯನ್ನೂ ಮೀರಿಸುವಷ್ಟು ಹುಳಿ. ಅದರ ಜೊತೆ ಆ ಹಳ್ಳಿಗರ ತಿಂಡಿ ಯಾವುದು ಗೊತ್ತೇ? ದಪ್ಪ ರೊಟ್ಟಿ, ನಾವು ಶ್ರೀಖಂಡಕ್ಕೆ ಕಟ್ಟುವ ಚಕ್ಕಾದಂಥ ಮೆದು ಬಿಳಿ ಚೀಸ್, ಹೋಳು ಮಾಡಿದ ಮೂಲಂಗಿ, ಹಸಿ ಈರುಳ್ಳಿ. ಹೊಲದ ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚಿದವರಿಗೆ ಈ ಊಟ ವಿವರಿಸಬೇಕಾಗಿಲ್ಲ.

ಮಠಗಳದ್ದು ಬೇರೆ ಕಥೆ. ಟ್ರ್ಯಾಪಿಸ್ಟ್ ಪಂಥದ ಸನ್ಯಾಸಿಗಳು ತಮ್ಮ ಕೈ ದುಡಿಮೆಯಿಂದಲೇ ಬಾಳಬೇಕೆಂಬ ನಿಯಮದವರು. ವೆಸ್ಟ್‌ಮಾಲ ಮಠದಲ್ಲಿ ಅವರು ತಮ್ಮದೇ ಬಿಯರನ್ನು ಮೊದಲು ಊಟಕ್ಕೆ ಬಡಿಸಿಕೊಂಡದ್ದು 1836ರಲ್ಲಿ. ಶಿಮೇ ಊರಿನ ಮಠದವರು 1862ರಲ್ಲಿ ಬಿಯರು, 1876ರಲ್ಲಿ ಚೀಸ್ ಮಾಡತೊಡಗಿದರು. ಅಲ್ಲಿಯ ಒಂದು ಬಗೆಯ ಚೀಸಿನ ಮೈಯನ್ನು ಅದೇ ಬಿಯರಿನಿಂದ ತೊಳೆದು ಮಾಗಿಸುತ್ತಾರೆ. ಅದು ನಮ್ಮ ಕಟ್ಟಿನ ಸಾರಿನ ನಂಟೇ.

ಇನ್ನು ಸರ್ಕಾರದ ಕಾನೂನು. ಕಾರ್ಮಿಕರು ಸಂಬಳವನ್ನೆಲ್ಲ ಕಡಕ್ ಸಾರಾಯಿಗೆ ಸುರಿಯುವುದನ್ನು ಕಂಡ ಸಮಾಜವಾದಿ ಮಂತ್ರಿ ಎಮಿಲ್ ವಾಂಡರ್‌ವೆಲ್ಡೆ 1919ರಲ್ಲಿ ಒಂದು ಕಾನೂನು ತಂದ. ಪಾನಗೃಹಗಳಲ್ಲಿ ಭಟ್ಟಿ ಸಾರಾಯಿ ಮಾರುವಂತಿಲ್ಲ. ಅಂಗಡಿಯಲ್ಲಿ ಕೊಳ್ಳುವುದಾದರೆ ಎರಡು ಲೀಟರಿಗಿಂತ ಕಡಿಮೆ ಕೊಡುವಂತಿಲ್ಲ. ಅಷ್ಟು ದುಡ್ಡು ಒಮ್ಮೆಗೇ ಬಡವನ ಕೈಯಲ್ಲಿ ಇರುವುದಿಲ್ಲ ಎಂಬುದು ಲೆಕ್ಕ. ಉದ್ದೇಶ ಒಳ್ಳೆಯದೇ. ಆದರೆ ಸಾರಾಯಿ ಬಿಟ್ಟ ಜಾಗಕ್ಕೆ ಗಟ್ಟಿ ಬಿಯರು ಬಂದು ಕುಳಿತುಕೊಂಡಿತು. ಬೆಲ್ಜಿಯಂನಲ್ಲಿ ಕಡಕ್ ಬಿಯರುಗಳು ಬೆಳೆದದ್ದಕ್ಕೆ ಈ ಕಾನೂನೂ ಒಂದು ಕಾರಣ ಎನ್ನುತ್ತಾರೆ. ವೆಸ್ಟ್‌ಮಾಲದ ಟ್ರಿಪೆಲ್ ಎಂಬ ಹೊಂಬಣ್ಣದ ಬಿಯರು 1934ರದು, ಮದ್ಯಸಾರ ಶೇಕಡಾ 9.5. ನಮ್ಮ ಶತಾವರಿಯ ಬಳಗದ ಬಿಳಿ ದಂಟನ್ನು ಬೆಣ್ಣೆ, ಮೊಟ್ಟೆಯೊಡನೆ ತಿನ್ನುವಾಗ ಇದು ಒಳ್ಳೆಯ ಜೋಡಿ ಎಂಬ ಹೆಸರಿದೆ. ವಾಂಡರ್‌ವೆಲ್ಡೆಯ ಕಾನೂನು ರದ್ದಾದದ್ದು 1983ರಲ್ಲಿ.

ಇಷ್ಟು ಬಗೆಯ ಬಿಯರಿದ್ದ ನಾಡಿಗೂ ಕಷ್ಟ ಬಂತು. 1900ರ ಸುಮಾರಿಗೆ ಅಲ್ಲಿ ಮೂರು ಸಾವಿರಕ್ಕೂ ಹೆಚ್ಚು ಬಿಯರು ಮನೆಗಳಿದ್ದವು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಗುಂಡು ತಯಾರಿಸಲು ಅವುಗಳ ತಾಮ್ರದ ಕಡಾಯಿಗಳನ್ನು ಕಿತ್ತೊಯ್ದಿತು. ಆಮೇಲೆ ದೊಡ್ಡ ಕಾರ್ಖಾನೆಗಳ ತಿಳಿ ಬಿಯರು ಊರೂರಿಗೆ ನುಗ್ಗಿತು. ಶತಮಾನ ಮುಗಿಯುವ ಹೊತ್ತಿಗೆ ಉಳಿದವು ನೂರು ಚಿಲ್ಲರೆ. ಒಂದು ಬಿಯರು ಮನೆ ಮುಚ್ಚಿದರೆ ಅದರ ಜೊತೆಯ ಅಡುಗೆಯ ರುಚಿಯೂ ಕೆಡುತ್ತದೆ. ಕಟ್ಟಿಲ್ಲದ ಮೇಲೆ ಕಟ್ಟಿನ ಸಾರೆಲ್ಲಿ?

ಇಲ್ಲಿ ಹೂಗಾರ್ಡನ್ ಎಂಬ ಊರಿನ ಕಥೆ ಹೇಳಲೇಬೇಕು. ಭಾಷೆಯ ಗಡಿಗೆರೆಗೆ ಹತ್ತಿರದ, ಡಚ್ ಮಾತಾಡುವ ಊರು ಅದು. ಅಲ್ಲಿ ಗೋಧಿಯಿಂದ ಮಾಡುವ ಬಿಳಿ ಬಿಯರು ಪ್ರಸಿದ್ಧ. ಡಚ್ಚಿನಲ್ಲಿ ವಿಟ್‌ಬಿಯರ್, ಫ್ರೆಂಚಿನಲ್ಲಿ ಬಿಯೇರ್ ಬ್ಲಾಂಶ್. ಅದಕ್ಕೆ ಹಾಕುವ ಮಸಾಲೆ ನಮ್ಮ ಹವೀಜ, ಅಂದರೆ ಕೊತ್ತಂಬರಿ ಬೀಜ, ಮತ್ತು ಒಣಗಿಸಿದ ಕಿತ್ತಳೆ ಸಿಪ್ಪೆ. ಕಾಸರಗೋಡಿನ ಕರಾವಳಿಯವರು ಕಲ್ಲುಮ್ಮಕ್ಕಾಯಿ ಎನ್ನುವ ಬಳಗದ ಚಿಪ್ಪುಮೀನಿಗೆ ಇದು ಹೇಳಿ ಮಾಡಿಸಿದ ಜೋಡಿ. ನಾವು ಮೀನಿಗೆ ನಿಂಬೆ ಹಿಂಡುವಂತೆ, ಕಿತ್ತಳೆಯ ಕಂಪು ಅಲ್ಲಿ ಕೆಲಸ ಮಾಡುತ್ತದೆ. ಆದರೆ 1950ರ ದಶಕದಲ್ಲಿ ಊರಿನ ಕೊನೆಯ ಬಿಳಿ ಬಿಯರು ಮನೆ ಬಾಗಿಲು ಮುಚ್ಚಿತು.

ಆ ಊರಲ್ಲಿ ಪಿಯರ್ ಸೇಲಿಸ್ ಎಂಬ ಹಾಲು ಮಾರುವವನಿದ್ದ. ಹುಡುಗನಾಗಿದ್ದಾಗ ಪಕ್ಕದ ಬಿಯರು ಮನೆಯಲ್ಲಿ ಕೈಗೂಡಿಸಿ ಕೆಲಸ ನೋಡಿದ್ದ. ಆ ನೆನಪಿನ ಬಲದಿಂದ 1960ರ ದಶಕದ ನಡುವೆ ಮತ್ತೆ ಬಿಳಿ ಬಿಯರು ಮಾಡಿದ. ಊರಿನ ಮುದುಕರು ಕುಡಿದು ಗುರುತು ಹಿಡಿದರು. ವ್ಯಾಪಾರ ಬೆಳೆಯಿತು. 1985ರಲ್ಲಿ ಬೆಂಕಿ ಬಿದ್ದು ಕಾರ್ಖಾನೆ ಸುಟ್ಟಿತು. ವಿಮೆಯ ಹಣ ಸಾಲಲಿಲ್ಲ. ಹಣ ಹಾಕಿದ ದೊಡ್ಡ ಕಂಪನಿಯ ಕೈಗೆ ಕೊನೆಗೆ ಎಲ್ಲವೂ ಹೋಯಿತು. ಬ್ಯಾಂಕಿನಲ್ಲಿ ದುಡಿದ ನನಗೆ ಇಂಥ ಕಥೆ ಹೊಸದಲ್ಲ. ಸೇಲಿಸ್ ಅಮೆರಿಕಕ್ಕೆ ಹೋಗಿ 1992ರಲ್ಲಿ ಟೆಕ್ಸಸ್ಸಿನ ಆಸ್ಟಿನ್ ನಗರದಲ್ಲಿ ಹೊಸದಾಗಿ ಬಿಯರು ಮನೆ ತೆರೆದ. 2011ರಲ್ಲಿ ತೀರಿಕೊಂಡ.

2005ರಲ್ಲಿ ಕಂಪನಿಯು ಹೂಗಾರ್ಡನ್ ಕಾರ್ಖಾನೆ ಮುಚ್ಚಿ, ಬಿಳಿ ಬಿಯರನ್ನು ಫ್ರೆಂಚ್ ಸೀಮೆಯ ಜುಪಿಲ್ ಊರಿಗೆ ಒಯ್ಯುವುದಾಗಿ ಸಾರಿತು. ಹೆಸರು ಇದ್ದ ಊರಿನದೇ, ನೀರು ಬೇರೆ ಊರಿನದು! ಕೆಲಸಗಾರರೂ ಊರವರೂ ಬೀದಿಗಿಳಿದರು. ಒಯ್ದು ನೋಡಿದ ರುಚಿ ಹೊಂದಲಿಲ್ಲವೆಂಬ ಮಾತೂ ಕೇಳಿಬಂತು. 2007ರಲ್ಲಿ ಕಂಪನಿ ತನ್ನ ತೀರ್ಮಾನ ಬದಲಿಸಿತು. ಬಿಳಿ ಬಿಯರು ತನ್ನ ಊರಲ್ಲೇ ಉಳಿಯಿತು. 2016ರಲ್ಲಿ ಯುನೆಸ್ಕೊ ಬೆಲ್ಜಿಯಂನ ಬಿಯರು ಸಂಸ್ಕೃತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದು ಡಚ್ಚರ ಪಾಲು, ಫ್ರೆಂಚರ ಪಾಲು ಎಂದು ಹಂಚಿಹೋಗದೆ ಇಡೀ ದೇಶದ ಹೆಸರಿನಲ್ಲಿ ಸೇರಿತು ಎಂಬುದನ್ನು ಗಮನಿಸಿ.

ಶ್ರೋತೃಗಳೇ, ಹಾಲು ಮಾರುವವನೊಬ್ಬ ಬಾಲ್ಯದ ನೆನಪನ್ನು ಇಟ್ಟುಕೊಂಡದ್ದರಿಂದ ಒಂದು ಊರಿನ ರುಚಿ ಮರಳಿ ಬಂತು. ಅವನೂ ಮರೆತಿದ್ದರೆ ಯಾವ ಪಟ್ಟಿ ಏನು ಮಾಡೀತು? ನಮ್ಮ ಮನೆಗಳಲ್ಲೂ ಯಾವ ರೊಟ್ಟಿಗೆ ಯಾವ ಪಲ್ಯ, ಯಾವ ಸಿಹಿಗೆ ಯಾವ ಸಾರು ಎಂಬ ಜೋಡಿಗಳಿವೆ. ಅವುಗಳಿಗೆ ಎರಡೆರಡು ಭಾಷೆಯಲ್ಲಿ ಹೆಸರುಗಳಿವೆ. ಅವು ಗೊತ್ತಿರುವ ಅಜ್ಜಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಈ ವಾರ ಬಿಡುವು ಮಾಡಿಕೊಂಡು ಅವರ ಪಕ್ಕ ಕುಳಿತು ಕೇಳಿ, ಎರಡೂ ಹೆಸರನ್ನು ಬರೆದಿಡಿ.